ಕಾರವಾರದ ಹವೆಗೆ ತಕ್ಕ ಹೆಣಿಗೆ

ನಾನು ಹೆಣಿಗೆ ಕಲಿತದ್ದು ಮಲ್ಲಾಪುರದಲ್ಲಿ. ಕೈಗಾ ಅಣುವಿದ್ಯುತ್ ಸ್ಥಾವರದ ಟೌನ್‌ಶಿಪ್ ಇರುವ ಊರು ಅದು. ಅಲ್ಲಿ ಒಂದೇ ಸಾಲಿನಲ್ಲಿ ಕೇರಳದವರು, ಬಂಗಾಳದವರು, ಉತ್ತರದವರು ಎಲ್ಲ ಇರುತ್ತಾರೆ. ನಮ್ಮ ಪಕ್ಕದ ಮನೆಯ ಆಂಟಿ ಹಿಮಾಚಲದವರು. ಸಂಜೆ ಆಯ್ತು ಅಂದರೆ ಮೆಟ್ಟಿಲ ಮೇಲೆ ಕಡ್ಡಿ ಹಿಡಿದು ಕೂರುತ್ತಿದ್ದರು. ಅವರಿಗೆ ಕನ್ನಡ ಬಾರದು, ನನ್ನ ಹಿಂದಿ ಅಷ್ಟಕ್ಕಷ್ಟೇ. ಸೀದಾ, ಉಲ್ಟಾ ಅನ್ನುವ ಎರಡೇ ಮಾತಿನಲ್ಲಿ ಪಾಠ ಮುಗಿಯಿತು. ಸೀದಾ ಅಂದರೆ ಹೊಸ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆಯುವುದು, ಉಲ್ಟಾ ಅಂದರೆ ಮುಂದಿನಿಂದ ಹಿಂದಕ್ಕೆ. ನಿಜ ಹೇಳಬೇಕೆಂದರೆ ಹೆಣಿಗೆಯಲ್ಲಿ ಇರುವುದೂ ಅವೆರಡೇ. ಉಳಿದದ್ದೆಲ್ಲ ಅವುಗಳ ಜೋಡಣೆ.

ಮದುವೆಯಾಗಿ ಕಾರವಾರ ಪೇಟೆಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಈ ಸೆಕೆಯಲ್ಲಿ ಸ್ವೆಟರ್ ಯಾರು ಹಾಕ್ತಾರೆ?" ಪ್ರಶ್ನೆ ಸರಿಯಾಗೇ ಇದೆ. ಹೆಣಿಗೆಯ ಪುಸ್ತಕ, ವಿಡಿಯೊ ಎಲ್ಲ ಚಳಿ ದೇಶದ್ದು. ಅವರು ಹೇಳಿದ್ದನ್ನು ಹಾಗೇ ಇಲ್ಲಿ ಮಾಡಿದರೆ ಮೈಗೆ ಅಂಟುವ, ಒಣಗದ, ಬೂಸು ಹಿಡಿಯುವ ಬಟ್ಟೆ ಆಗುತ್ತದೆ. ನಮ್ಮ ಕಡೆ ಲೆಕ್ಕಕ್ಕೆ ಬರುವುದು ಚಳಿಯಲ್ಲ, ತೇವ. ಅದಕ್ಕೇ ನಾನು ಏನೇ ಶುರು ಮಾಡಿದರೂ ಮೊದಲು ನೂಲು ನೋಡುತ್ತೇನೆ, ಡಿಸೈನ್ ಆಮೇಲೆ.

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಿನ ಪಾಲು ಅಕ್ರಿಲಿಕ್ ಅನ್ನುವ ಕೃತಕ ನೂಲು. ಅಗ್ಗ, ಬಣ್ಣ ಬೇಕಾದಷ್ಟು, ಹುಳ ತಿನ್ನುವುದಿಲ್ಲ, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ. ಕಾರವಾರದಲ್ಲಿ ಮೈಗೆ ತಾಗುವ ಬಟ್ಟೆಗೆ ಅದು ಬೇಡವೇ ಬೇಡ. ಬಾಗಿಲಿಗೆ ಹಾಕುವ ಉಲ್ಲನ್ ತೋರಣಕ್ಕೆ ಅಡ್ಡಿಯಿಲ್ಲ. ತೋರಣ, ಟಿವಿ ಮೇಲಿನ ಹೊದಿಕೆ, ಫ್ರಿಜ್ ಮೇಲಿನ ಹೊದಿಕೆ ಇವು ಮೂರೂ ನನಗೆ ಅಷ್ಟೇನೂ ಇಷ್ಟವಿಲ್ಲ ಅನ್ನುವುದು ಬೇರೆ ಮಾತು. ನಾನು ಹೆಚ್ಚು ಬಳಸುವುದು ಹತ್ತಿ ನೂಲು. ಕುರಿ ಉಣ್ಣೆ ತರುವುದು ಘಟ್ಟದ ಮೇಲಿನವರಿಗೆ ಹೆಣೆಯುವಾಗ ಮಾತ್ರ.

ಹತ್ತಿಗೂ ಅದರದೇ ತಕರಾರು ಇದೆ. ಉಣ್ಣೆ ಎಳೆದರೆ ವಾಪಸ್ ಬರುತ್ತದೆ, ಹತ್ತಿ ಬರುವುದಿಲ್ಲ. ಭಾರವೂ ಜಾಸ್ತಿ. ಹಾಕಿಕೊಂಡು ಓಡಾಡಿದರೆ ತನ್ನ ಭಾರಕ್ಕೆ ತಾನೇ ಉದ್ದ ಆಗುತ್ತದೆ. ಅದಕ್ಕೆ ನಾನು ಸ್ಯಾಂಪಲ್ ತುಂಡು ಹೆಣೆಯದೆ ಯಾವುದನ್ನೂ ಶುರು ಮಾಡುವುದಿಲ್ಲ. 10 ಸೆಂ.ಮೀ.ಗಿಂತ ಸ್ವಲ್ಪ ದೊಡ್ಡ ಚೌಕ ಸಾಕು. ಅದನ್ನು ಒಗೆದು ಒಣಗಿಸಿ, ಕೆಳಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ತೂಗುಹಾಕುತ್ತೇನೆ. ಬೆಳಿಗ್ಗೆ ಎಷ್ಟು ಜೋತುಬಿದ್ದಿದೆ ಅಂತ ಅಳೆದರೆ ಬಟ್ಟೆ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಬೇಜಾರಿನ ಕೆಲಸ ಹೌದು. ನನ್ನ ತಂಗಿ ಇದನ್ನು ಮಾಡುವುದೇ ಇಲ್ಲ, ಅವಳದ್ದೂ ನಡೆಯುತ್ತಿದೆ. ನನಗೆ ಮಾತ್ರ ಆ ಧೈರ್ಯ ಇಲ್ಲ.

ಕರಾವಳಿಯಲ್ಲಿ ಹೆಣೆದದ್ದಕ್ಕೆ ನಿಜವಾದ ಬೇಡಿಕೆ ಇರುವುದು ಬಾಣಂತಿ ಮನೆಯಲ್ಲಿ. ಮಳೆಗಾಲದ ಮಗು ಅಂದರೆ ಎಲ್ಲ ಅಜ್ಜಿಯರಿಗೂ ಕಿವಿಗೆ ಗಾಳಿ ಹೋಗುವ ಚಿಂತೆ. ಹಾಗಾಗಿ ನಾನು ಅತಿ ಹೆಚ್ಚು ಹೆಣೆದದ್ದು ಕುಲಾವಿ, ಮಕ್ಕಳ ಟೋಪಿ. ಅದರ ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ.

ಆಗ ತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಟೋಪಿ ಸ್ವಲ್ಪ ಬಿಗಿ ಇರಬೇಕು, ಅಂದರೆ 33. ನನ್ನ ಕೈಗೆ ಮಧ್ಯಮ ದಪ್ಪದ ಹತ್ತಿ ನೂಲು, 8ನೇ ನಂಬರ್ ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬರುತ್ತದೆ. ಹಾಗಾದರೆ 72 ಕುಣಿಕೆ, ಜೊತೆಗೆ ಅಂಚು ಹೊಲಿಯಲು ಎರಡು, ಒಟ್ಟು 74. ಅಂಚಿನ ಪಟ್ಟಿಗೆ ಎರಡು ಸೀದಾ, ಎರಡು ಉಲ್ಟಾ. ಪಟ್ಟಿಯನ್ನು ಮಾತ್ರ 10ನೇ ನಂಬರ್ ಕಡ್ಡಿಯಲ್ಲಿ ಹೆಣೆಯಬೇಕು, ಹತ್ತಿಗೆ ಇಲ್ಲದ ಬಿಗಿ ಅಲ್ಲಿಂದ ಬರುತ್ತದೆ. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ ಅನ್ನುವುದು ನೆನಪಿರಲಿ. ನಮ್ಮಲ್ಲಿ ಈಗಲೂ ನಡೆಯುವುದು ಹಳೇ ಇಂಗ್ಲೆಂಡಿನ ಲೆಕ್ಕ: 8 ಅಂದರೆ 4 ಮಿ.ಮೀ., 10 ಅಂದರೆ 3.25. ಆನ್‌ಲೈನ್ ತರಿಸುವಾಗ ಮಿಲಿಮೀಟರ್ ನೋಡಿಯೇ ತರಿಸಿ.

ಪಟ್ಟಿ ಮುಗಿದ ಮೇಲೆ ಮುಂಬದಿಯ ಸಾಲು ಸೀದಾ, ವಾಪಸ್ ಬರುವ ಹಿಂಬದಿಯ ಸಾಲು ಉಲ್ಟಾ. ಒಟ್ಟು ಎತ್ತರ 10 ಸೆಂ.ಮೀ. ಆಗುವವರೆಗೆ ಏನೂ ಯೋಚನೆ ಬೇಡ, ಧಾರಾವಾಹಿ ನೋಡುತ್ತಾ ಮುಗಿಸಬಹುದು. ಆಮೇಲೆ ನೆತ್ತಿ. ಅಂಚಿನ ಒಂದು ಕುಣಿಕೆ ಬಿಟ್ಟು, ಏಳು ಸೀದಾ ಹೆಣೆದು ಮುಂದಿನ ಎರಡನ್ನು ಒಟ್ಟಿಗೆ ಹೆಣೆಯಿರಿ. ಇದನ್ನೇ ಎಂಟು ಸಲ ಮಾಡಿದರೆ ಆ ಸಾಲಿನಲ್ಲಿ ಎಂಟು ಕುಣಿಕೆ ಕಡಿಮೆ ಆಗುತ್ತದೆ. ವಾಪಸ್ ಬರುವ ಸಾಲು ಸುಮ್ನೆ ಉಲ್ಟಾ. ಮುಂದಿನ ಸಲ ಆರು ಸೀದಾ, ಎರಡು ಒಟ್ಟಿಗೆ. ಹೀಗೇ ಇಳಿಸುತ್ತಾ ಬಂದರೆ ಕೊನೆಗೆ ಹತ್ತು ಕುಣಿಕೆ ಉಳಿಯುತ್ತದೆ. ನೂಲು ಕತ್ತರಿಸಿ, ಸೂಜಿಯಿಂದ ಹತ್ತರ ಒಳಗೂ ಹಾಯಿಸಿ, ಎಳೆದು ಬಿಗಿದು, ಹಿಂದೆ ಹೊಲಿದರೆ ಟೋಪಿ ತಯಾರು. 30 ಗ್ರಾಂ ನೂಲು ಧಾರಾಳ ಸಾಕು.

ಕುಲಾವಿಗೆ ಹಳೆಯವರು ಗದ್ದದ ಕೆಳಗೆ ಕಟ್ಟುವ ದಾರ ಇಡುತ್ತಿದ್ದರು. ನಾನು ಇಡುವುದಿಲ್ಲ. ಕುತ್ತಿಗೆಗೆ ಸುತ್ತಿಕೊಂಡರೆ ಅಪಾಯ. ಮುತ್ತು, ಗುಂಡಿ ಕೂಡ ಹಚ್ಚುವುದಿಲ್ಲ, ಬಾಯಿಗೆ ಹೋಗುತ್ತದೆ. ಇನ್ನೊಂದು ಮಾತು ಕೊಡುವಾಗಲೇ ಹೇಳಿಬಿಡುತ್ತೇನೆ: ಮನೆಯೊಳಗೆ ಮಗು ಮಲಗಿದಾಗ ಟೋಪಿ ತೆಗೆಯಿರಿ. ಮಕ್ಕಳ ಡಾಕ್ಟರುಗಳೂ ಇದನ್ನೇ ಹೇಳುತ್ತಾರೆ. ಪುಟ್ಟ ಮಕ್ಕಳ ಮೈಬಿಸಿಯ ದೊಡ್ಡ ಪಾಲು ತಲೆಯಿಂದ ಹೊರಹೋಗುತ್ತದೆ. ಅಜ್ಜಿಯರು ಈ ಮಾತು ಕೇಳಿ ನನ್ನನ್ನು ಒಂಥರಾ ನೋಡುತ್ತಾರೆ. ನೋಡಲಿ.

ಇನ್ನು ಒಗೆತ. ಜುಲೈಯಲ್ಲಿ ಕಾರವಾರದಲ್ಲಿ ಏನು ಒಣಗುತ್ತದೆ ಹೇಳಿ? ಹತ್ತಿಯ ಹೆಣಿಗೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದರೆ ಮೂರನೇ ದಿನ ಮುಗ್ಗಲು ವಾಸನೆ, ಜೊತೆಗೆ ತೋಳು ಮೊಣಕಾಲಿಗೆ. ನಾನು ಮಾಡುವುದು ಹೀಗೆ: ಒದ್ದೆ ಹೆಣಿಗೆಯನ್ನು ದಪ್ಪ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ, ಅದರ ಮೇಲೆ ನಿಂತುಬಿಡುತ್ತೇನೆ. ಅರ್ಧ ನೀರು ಟವೆಲ್‌ಗೆ ಹೋಗುತ್ತದೆ. ಆಮೇಲೆ ಮೊರದ ಮೇಲೆ ಆಕಾರ ಸರಿ ಮಾಡಿ ಮಲಗಿಸಿ, ಫ್ಯಾನಿನ ಕೆಳಗೆ ಇಡುವುದು. ಮೊರದ ಸಂದಿನಿಂದ ಕೆಳಗಿನಿಂದಲೂ ಗಾಳಿ ಆಡುತ್ತದೆ. ಇಸ್ತ್ರಿ ಹೊಡೆದು ಒಣಗಿಸುವ ಉಪಾಯ ಹತ್ತಿಗೆ ಆದೀತು. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿದರೆ ನೂಲಿನ ಜೀವವೇ ಹೋಗಿ ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕಡ್ಡಿಗಳ ಮೇಲೂ ಈ ಹವೆಯ ಕಣ್ಣು. ಸ್ಟೀಲ್ ಕಡ್ಡಿ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಪೋನಿ ಕಂಪನಿಯ ಅಲ್ಯೂಮಿನಿಯಂ ಕಡ್ಡಿ ತುಕ್ಕು ಹಿಡಿಯುವುದಿಲ್ಲ, ಆದರೆ ಹಳೆಯದಾದ ಹಾಗೆ ಬೆವರು ಕೈಯಲ್ಲಿ ಬಿಳಿ ನೂಲಿಗೆ ಬೂದು ಬಣ್ಣ ಬಿಡುತ್ತದೆ. ಬಿದಿರು ಕಡ್ಡಿ ನೋಡಲು ಚೆಂದ, ಮಳೆಗಾಲದಲ್ಲಿ ಕುಣಿಕೆ ಸರಾಗ ಜಾರುವುದಿಲ್ಲ. ಮೇಣದ ತುಂಡು ಸವರಿ ಬಟ್ಟೆಯಿಂದ ಒರೆಸಿದರೆ ಸ್ವಲ್ಪ ದಿನ ಮಾತು ಕೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹೆಣಿಗೆಯೇ ಇಲ್ಲ. ರಾತ್ರಿ ಊಟ ಆದ ಮೇಲೆ, ಅದೂ ಮಡಿಲಲ್ಲಿ ಬಿಸಿ ಮಾಡದ ಸಣ್ಣ ವಸ್ತು. ಮೀನು ಮಾಡಿದ ದಿನ ನಿಂಬೆ ಸಿಪ್ಪೆ ಉಜ್ಜಿ ಕೈ ತೊಳೆಯದೆ ನೂಲು ಮುಟ್ಟುವ ಹಾಗಿಲ್ಲ. ಹತ್ತಿಗೆ ವಾಸನೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ.

ಭಾನುವಾರದ ಸಂತೆಗೆ ನಾನು ಹೆಣೆದ ಜಾಳಿಗೆ ಚೀಲ ಒಯ್ಯುತ್ತೇನೆ. ದಾರ ಒಮ್ಮೆ ಕಡ್ಡಿಗೆ ಸುತ್ತು, ಎರಡು ಕುಣಿಕೆ ಒಟ್ಟಿಗೆ ಹೆಣೆ, ಇಷ್ಟೇ. ಜಾಳಿಗೆ ತಾನಾಗಿ ಬೀಳುತ್ತದೆ. ಖಾಲಿ ಇದ್ದಾಗ ಮುಷ್ಟಿಯಲ್ಲಿ ಹಿಡಿಯಬಹುದು. ನಾಲ್ಕು ಕಾಯಿ, ಒಂದು ಸೌತೆಕಾಯಿ, ಬಸಳೆ ಸೊಪ್ಪಿನ ಕಟ್ಟು ಹಾಕಿದರೆ ಮೊಣಕಾಲಿನವರೆಗೆ ಇಳಿಯುತ್ತದೆ. ಹಿಡಿಕೆಯನ್ನು ಜಾಳಿಗೆ ಮಾಡದೆ ಒತ್ತಾಗಿ, ಬರೀ ಸೀದಾ ಸಾಲಿನಲ್ಲಿ ಹೆಣೆದರೆ ಎಳೆತ ಕಡಿಮೆ. ಬಂಗಡೆಗೆ ಬೇರೆ ಚೀಲ ಬೇಕು, ಹೇಳಬೇಕಾಗಿಲ್ಲ ಅಲ್ವಾ.

ಈ ಚೀಲ ಹಿಡಿದು ಬೈತಖೋಲ ಬಂದರಿನ ಕಡೆ ಹೋದಾಗ ಬಲೆ ರಿಪೇರಿಯವರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವ ಹಾಗಿಲ್ಲ. ಆ 61 ದಿನ ಬಂದರಿನಲ್ಲಿ ಎಲ್ಲಿ ನೋಡಿದರೂ ಬಲೆ ಕೆಲಸ. ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು, ನೂಲು ತುಂಬಿದ ಚಪ್ಪಟೆ ಸೂಜಿಯಿಂದ ಒಂದೊಂದೇ ಕಣ್ಣು ಕಟ್ಟುತ್ತಾರೆ. ಹರಿದ ಕಡೆ ನೇರ ತೇಪೆ ಹಾಕುವುದಿಲ್ಲ. ಮೊದಲು ಸುತ್ತಲಿನ ಹಾಳಾದ ಕಣ್ಣುಗಳನ್ನು ಕತ್ತರಿಸಿ ತೂತನ್ನು ಇನ್ನೂ ದೊಡ್ಡದು ಮಾಡಿಕೊಂಡು, ಅಂಚು ಸರಿಯಾದ ಮೇಲೆ ಕಟ್ಟುತ್ತಾ ಬರುತ್ತಾರೆ. "ಇದಕ್ಕೆ ಗಂಟೇ ಇಲ್ಲವಲ್ಲ, ಒಂದು ಎಳೆ ತುಂಡಾದರೆ ಪೂರ್ತಿ ಹೋಯ್ತು" ಅಂದರು ಒಬ್ಬರು. ಸರಿಯೇ. ಬಲೆಯ ಪ್ರತಿ ಕಣ್ಣಿಗೂ ಗಂಟು ಇರುವುದರಿಂದ ತೂತು ಹಬ್ಬುವುದಿಲ್ಲ. ಹೆಣಿಗೆಯಲ್ಲಿ ಒಂದು ಕುಣಿಕೆ ಬಿಟ್ಟರೆ ಕೆಳಗಿನವರೆಗೂ ಏಣಿ ಬೀಳುತ್ತದೆ.

ಆದರೆ ಗಂಟಿಲ್ಲದ್ದೇ ನಮಗೆ ಲಾಭ. ಬಿಚ್ಚಿ ಮತ್ತೆ ಹೆಣೆಯಬಹುದು. ಅಪ್ಪನ ಸ್ವೆಟರ್ ಹಾಗೇ ನಡೆದುಕೊಂಡು ಬಂದಿದೆ. ಅಪ್ಪ ಇರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ದೇವಿಮನೆ ಘಟ್ಟ ಹತ್ತಿದರೆ ಹವೆಯೇ ಬೇರೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ತೋಟಕ್ಕೆ ಹೋಗುವವರಿಗೆ ಸ್ವೆಟರ್ ಬೇಕೇ ಬೇಕು. ಅದೇ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ಅದಕ್ಕೇ ಅಪ್ಪನಿಗೆ ಚೊಗರು ಬಣ್ಣದ್ದೇ ಉಣ್ಣೆ ತೆಗೆದುಕೊಂಡೆ. ಕಲೆ ಬಿದ್ದದ್ದು ಕಾಣುವುದೇ ಇಲ್ಲ. ಉಣ್ಣೆ ಯಾಕೆಂದರೆ ಅದು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸುವುದಿಲ್ಲ. ಮಲೆನಾಡಿನವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

ಈ ಸ್ವೆಟರಿನ ತೋಳನ್ನು ಭುಜದಿಂದ ಕೆಳಗೆ ಹೆಣೆದಿದ್ದೇನೆ. ಸಾಮಾನ್ಯವಾಗಿ ಮಣಿಕಟ್ಟಿನಿಂದ ಶುರು ಮಾಡಿ ಮೇಲೆ ಹೋಗುತ್ತಾರೆ, ಆಂಟಿ ಹೇಳಿಕೊಟ್ಟದ್ದೂ ಹಾಗೇ. ಆದರೆ ಹೆಣಿಗೆ ಸರಾಗವಾಗಿ ಬಿಚ್ಚುವುದು ಮುಗಿಸಿದ ತುದಿಯಿಂದ ಮಾತ್ರ, ಶುರು ಮಾಡಿದ ತುದಿಯಿಂದ ಅಲ್ಲ. ಮೊದಲು ಹರಿಯುವುದು ಮಣಿಕಟ್ಟು. ಅದೇ ಮುಗಿಸಿದ ತುದಿ ಆಗಿದ್ದರೆ ನಾಲ್ಕು ಬೆರಳು ಬಿಚ್ಚಿ, ಸವೆದ ನೂಲು ಬಿಸಾಡಿ, ಹೊಸದು ಸೇರಿಸಿ ಹೆಣೆದರೆ ಆಯಿತು. ಅಪ್ಪನ ಎರಡು ತೋಳಿನ ತುದಿಯೂ ಈಗ ಬೇರೆ ಬಣ್ಣ. ಅವರಿಗೆ ಅದರ ಪರಿವೆ ಇಲ್ಲ.

ಹಳೇ ಸ್ವೆಟರ್ ಬಿಚ್ಚಿ ನೂಲು ತೆಗೆಯುವುದಾದರೆ ಮೊದಲು ಒಳಗಿನ ಹೊಲಿಗೆ ನೋಡಿ. ಅಂಚಿನ ಕುಣಿಕೆ ಇಡಿಯಾಗಿದ್ದರೆ ಬಿಚ್ಚಬಹುದು. ಮಶಿನ್ ಬಟ್ಟೆಯನ್ನು ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಸಾಲಿಗೊಂದು ತುಂಡು ನೂಲು ಕೈಗೆ ಬರುತ್ತದೆ, ದಿಂಬಿಗೆ ತುಂಬಲು ಸರಿ. ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲ ಕಟ್ಟಿ, ನೀರಲ್ಲಿ ನೆನೆಸಿ, ಒಣಗುವಾಗ ಕೆಳಗೆ ಸಣ್ಣ ಭಾರ ತೂಗುಬಿಟ್ಟರೆ ನೆಟ್ಟಗಾಗುತ್ತದೆ.

ಉಣ್ಣೆ ಇಟ್ಟುಕೊಳ್ಳುವುದೇ ಇಲ್ಲಿ ದೊಡ್ಡ ತಲೆನೋವು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗೇ ತೇವ ನಿಂತು ಬೂಸು. ಹಳೇ ಹತ್ತಿ ದಿಂಬಿನ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಡುತ್ತೇನೆ, ನವರಾತ್ರಿ ಕಳೆದು ಬಿಸಿಲು ಬಂದ ಮೇಲೆ ಎಲ್ಲ ಹೊರಗೆ ತೆಗೆದು ಕೊಡವುತ್ತೇನೆ. ಹುಳದ ಅನುಮಾನ ಬಂದರೆ ಗಾಳಿಯಾಡದ ಕವರಿಗೆ ಹಾಕಿ ವಾರಗಟ್ಟಲೆ ಫ್ರೀಜರಿನಲ್ಲಿ. ಅತ್ತೆಗೆ ಇದು ಸರಿ ಹೋಗಿಲ್ಲ. ಸಿಗಡಿ ಪಕ್ಕದಲ್ಲಿ ಉಣ್ಣೆ ಉಂಡೆ ಯಾಕೆ ಅನ್ನುವುದು ಅವರ ತಕರಾರು.

ಮಾರುತ್ತೀರಾ ಅಂತ ಕೇಳುವವರು ಇದ್ದಾರೆ. ಇಲ್ಲ. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ಕಾಲೊನಿ ಇದೆ. ಚಳಿಗಾಲ ಬಂತೆಂದರೆ ಟಿಬೆಟನ್ನರು ಊರೂರಿನಲ್ಲಿ ಲುಧಿಯಾನದ ಮಶಿನ್ ಸ್ವೆಟರ್ ಮಾರುತ್ತಾರೆ. ನನ್ನ ಸ್ವೆಟರಿಗೆ ಬೇಕಾಗುವ ನೂಲಿನ ದುಡ್ಡಿಗೇ ಅಲ್ಲಿ ತಯಾರಾದದ್ದು ಸಿಗುತ್ತದೆ. ಕೈಕೆಲಸದ ಗಂಟೆಗಳಿಗೆ ಬೆಲೆ ಕಟ್ಟಿ ಹೇಳಿದರೆ ಕೇಳಿದವರಿಗೂ ಮುಜುಗರ, ನನಗೂ ಮುಜುಗರ. ಹೆಣೆದು ಸುಮ್ನೆ ಕೊಡುವುದು ಸುಲಭ.

ಕಲಿಯಬೇಕು ಅನ್ನುವವರಿಗೆ ಮಾತ್ರ ಖುಷಿಯಿಂದ ಹೇಳಿಕೊಡುತ್ತೇನೆ. 8ನೇ ನಂಬರಿನ ಒಂದು ಜೊತೆ ಕಡ್ಡಿ, ಒಂದು ಉಂಡೆ ಹತ್ತಿ ನೂಲು ತನ್ನಿ. ಬಸ್ಸಿನಲ್ಲಿ ಹೆಣೆಯುವ ಆಸೆ ಇದ್ದರೆ ನಡುವೆ ವೈರ್ ಇರುವ ವೃತ್ತಾಕಾರದ ಕಡ್ಡಿ ಒಳ್ಳೆಯದು. ಉದ್ದ ಕಡ್ಡಿಯಾದರೆ ಅಂಕೋಲಾ ಮುಟ್ಟುವುದರೊಳಗೆ ಪಕ್ಕದವರ ಪಕ್ಕೆಗೆ ಹತ್ತು ಸಲ ಚುಚ್ಚಿರುತ್ತೀರಿ. ಮೊದಲಿಗೆ ಪಾತ್ರೆ ತೊಳೆಯುವ ಚೌಕ ಬಟ್ಟೆ ಹೆಣೆಯಿರಿ. ಓರೆ ಬಂದರೂ ಪಾತ್ರೆ ತೊಳೆಯುತ್ತದೆ. ನೂಲಿನ ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿ ಮಳೆಗಾಲದಲ್ಲಿ ಬೇಡ, ಕರೆಂಟ್ ಹೋದರೆ ಒಂದು ಕುಣಿಕೆಯೂ ಕಾಣುವುದಿಲ್ಲ.