ಇಂಗ್ಲೆಂಡಿನ ಜಿಪಿ ನಿಮ್ಮ ಫೈಲು ಕೇಳುವುದಿಲ್ಲ

ಊರಲ್ಲಿ ಡಾಕ್ಟರ ಹತ್ತಿರ ಹೋಗುವಾಗ ನಾವೆಲ್ಲ ಪ್ಲಾಸ್ಟಿಕ್ ಕವರ್ ಹಿಡಿದು ಹೋದವರೇ. ಹಳೇ ಚೀಟಿ, ಬ್ಲಡ್ ರಿಪೋರ್ಟು, ಎಕ್ಸ್‌ರೇ, ಎಲ್ಲ ಅದರೊಳಗೆ. ಇಂಗ್ಲೆಂಡಿಗೆ ಬಂದ ಮೇಲೆ ಆ ಕವರನ್ನು ಯಾರೂ ಕೇಳುವುದಿಲ್ಲ. ನಿಮ್ಮ ಫೈಲು ಜಿಪಿಯ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಕಂಪ್ಯೂಟರಿನಲ್ಲಿರುತ್ತದೆ. ಆದರೆ ಆ ಕಂಪ್ಯೂಟರಿಗೆ ಯಾರೋ ಟೈಪ್ ಮಾಡಿದ್ದಷ್ಟೇ ಗೊತ್ತು. ಹಾಗಾಗಿ ಅದರಲ್ಲಿ ಏನಿದೆ, ಏನಿಲ್ಲ ಅಂತ ನೋಡಿಕೊಳ್ಳುವ ಕೆಲಸ ನಮ್ಮದು.

ಇಲ್ಲಿ ಸರ್ಜರಿ ಅಂದರೆ ಆಪರೇಷನ್ ಅಲ್ಲ, ಜಿಪಿಯ ಕ್ಲಿನಿಕ್. ಮನೆ ಹತ್ತಿರದ ಸರ್ಜರಿಯಲ್ಲಿ ಹೆಸರು ಬರೆಸಿ. ದುಡ್ಡು ಕೊಡಬೇಕಿಲ್ಲ. ವಿಳಾಸದ ಪುರಾವೆ, ವೀಸಾ ಕಾಗದ ಕಡ್ಡಾಯವೂ ಅಲ್ಲ. ರಿಸೆಪ್ಷನ್‌ನಲ್ಲಿ ಕೇಳಬಹುದು, ಆದರೆ ಅದಿಲ್ಲ ಅನ್ನುವ ಕಾರಣಕ್ಕೇ ವಾಪಸ್ ಕಳಿಸುವ ಹಾಗಿಲ್ಲ. ಆಮೇಲೆ ನಿಮಗೆ ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ 10 ಅಂಕಿಯ ನಂಬರ್ ಸಿಗುತ್ತದೆ.

ನಮ್ಮವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ. ಫಾರಂನಲ್ಲಿ ಮಾತ್ರ ಅಭ್ಯಾಸಬಲದಿಂದ ಇನಿಷಿಯಲ್ ಹಾಕಿರುತ್ತೇವೆ. ಎನ್‌ಎಚ್‌ಎಸ್ ಆ್ಯಪಿನಲ್ಲಿ ಗುರುತು ತೋರಿಸುವಾಗ ಎರಡೂ ತಾಳೆಯಾಗದೆ ಸಿಕ್ಕಿಹಾಕಿಕೊಳ್ಳಬಹುದು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ. ಅದೇ ಫಾರಂನಲ್ಲಿ ಜನಾಂಗ ಯಾವುದು ಅಂತ ಕೇಳುತ್ತಾರೆ. ಇದ್ಯಾಕೆ ಇವರಿಗೆ ಅಂತ ಬಿಟ್ಟುಬಿಡಬೇಡಿ. ಹೃದಯದ ಕಾಯಿಲೆಯ ಅಪಾಯ ಲೆಕ್ಕ ಹಾಕುವ ಕ್ಯೂರಿಸ್ಕ್ ಅದನ್ನೂ ಬಳಸುತ್ತದೆ. ತೂಕ ಜಾಸ್ತಿ ಅನ್ನುವ ಬಿಎಂಐ ಗೆರೆಯೂ ಬೇರೆ: ಸಾಮಾನ್ಯವಾಗಿ 25, ನಮ್ಮವರಿಗೆ 23.

ಇಂಗ್ಲೆಂಡಿನೊಳಗೆ ಸರ್ಜರಿ ಬದಲಿಸಿದರೆ ಜಿಪಿಟುಜಿಪಿ ಅನ್ನುವ ವ್ಯವಸ್ಥೆಯಲ್ಲಿ ರೆಕಾರ್ಡ್ ಹಿಂದೆಯೇ ಬರುತ್ತದೆ. ಭಾರತದಿಂದ ಏನೂ ಬರುವುದಿಲ್ಲ. ನೀವೇ ಒಂದು ಪುಟ ಬರೆದು ಕೊಡಿ: ಯಾವ ಕಾಯಿಲೆ ಯಾವ ವರ್ಷ, ಯಾವ ಆಪರೇಷನ್, ಯಾವ ಲಸಿಕೆ, ಈಗ ಯಾವ ಮಾತ್ರೆ. ಮಾತ್ರೆಗೆ ಬ್ರಾಂಡ್ ಹೆಸರು ಹೇಳಿದರೆ ಇಲ್ಲಿ ಅರ್ಥವಾಗುವುದಿಲ್ಲ. ಥೈರೊನಾರ್ಮ್ ಅಲ್ಲ, ಲೆವೊಥೈರಾಕ್ಸಿನ್. ಗ್ಲೈಕೊಮೆಟ್ ಅಲ್ಲ, ಮೆಟ್‌ಫಾರ್ಮಿನ್. ಎಷ್ಟು ಮಿಲಿಗ್ರಾಂ ಅನ್ನುವುದೂ ಇರಲಿ.

ಅಲರ್ಜಿ ವಿಷಯದಲ್ಲಿ ಮಾತು ತೂಕವಾಗಿರಲಿ. ಬಂದ ಹೊಸದರಲ್ಲಿ ನರ್ಸ್ ಕೇಳಿದಾಗ, ಚಿಕ್ಕಂದಿನಲ್ಲಿ ಪೆನಿಸಿಲಿನ್ ತಗೊಂಡು ಹೊಟ್ಟೆ ಕೆಟ್ಟಿತ್ತು ಅಂತ ನಾನು ಸುಮ್ನೆ ಮಾತಿಗೆ ಹೇಳಿದೆ. ರೆಕಾರ್ಡಿನಲ್ಲಿ ‘ಪೆನಿಸಿಲಿನ್ ಅಲರ್ಜಿ’ ಅಂತ ಸೇರಿಕೊಂಡಿತು. ಗೊತ್ತಾಗಿದ್ದು ಎರಡು ವರ್ಷ ಕಳೆದು, ಗಂಟಲು ನೋವಿಗೆ ಬೇರೆ ಔಷಧಿ ಬರೆದಾಗ. ಜಿಪಿ ಬರೆದುಕೊಳ್ಳುವ ಮುಖ್ಯ ಸಂಗತಿಗಳೆಲ್ಲ ಸ್ನೋಮೆಡ್ ಅನ್ನುವ ಕೋಡ್‌ಗಳಾಗಿ ಕೂರುತ್ತವೆ. ಕಂಪ್ಯೂಟರ್ ಎಚ್ಚರಿಕೆ ಕೊಡುವುದು ಆ ಕೋಡ್ ನೋಡಿ. ಹೊಟ್ಟೆ ಕೆಟ್ಟಿದ್ದಕ್ಕೂ ಮೈಯೆಲ್ಲ ದದ್ದು ಎದ್ದಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಅಷ್ಟೇ ಅಲ್ಲ, ಅಲರ್ಜಿ ಮತ್ತು ಮಾತ್ರೆಗಳ ಪಟ್ಟಿ ಸಮ್ಮರಿ ಕೇರ್ ರೆಕಾರ್ಡ್‌ಗೂ ಹೋಗುತ್ತದೆ. ಆಂಬ್ಯುಲೆನ್ಸ್‌ನವರು, ಎಮರ್ಜೆನ್ಸಿಯವರು, ಫಾರ್ಮಸಿಯವರು ನೋಡುವುದು ಅದನ್ನೇ. ತಪ್ಪಿದ್ದರೆ ಸರ್ಜರಿಗೆ ಬರೆದು ತಿದ್ದಿಸಿ. ನನ್ನದು ಒಂದು ಫೋನ್ ಮಾತುಕತೆಯಲ್ಲಿ ಸರಿಹೋಯಿತು.

ಇದನ್ನೆಲ್ಲ ನೋಡಲು ಎನ್‌ಎಚ್‌ಎಸ್ ಆ್ಯಪ್ ಸಾಕು. ಎನ್‌ಎಚ್‌ಎಸ್ ಜೊತೆ ಸರ್ಜರಿಗಳಿಗಿರುವ ಒಪ್ಪಂದದ ಪ್ರಕಾರ 2023ರ ಅಕ್ಟೋಬರ್ 31ರೊಳಗೆ ಇಂಗ್ಲೆಂಡಿನ ಸರ್ಜರಿಗಳು ಹೊಸ ದಾಖಲೆಗಳನ್ನು ರೋಗಿಗೆ ತೆರೆದಿಡಬೇಕಿತ್ತು. ಅದಕ್ಕಿಂತ ಹಳೆಯದು ತಾನಾಗಿ ಕಾಣಿಸದಿದ್ದರೆ ಕೇಳಬೇಕು. ಪ್ರಿಸ್ಕ್ರಿಪ್ಷನ್ ರಿಪೀಟ್ ಮಾಡಿಸುವುದು, ಯಾವ ಫಾರ್ಮಸಿಗೆ ಕಳಿಸಬೇಕು ಅಂತ ಹೇಳುವುದು, ಎಲ್ಲ ಅಲ್ಲೇ.

ರಿಪೋರ್ಟ್ ಓದುವಾಗ ಮಾತ್ರ ಗಾಬರಿ ಬೇಡ. ಒಂದು ರಾತ್ರಿ ಹನ್ನೊಂದಕ್ಕೆ ಆ್ಯಪ್ ತೆರೆದು ನೋಡಿದರೆ ನನ್ನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಬ್ಲಡ್ ಟೆಸ್ಟ್) 41! ಊರಲ್ಲಿ 6, 7 ಅಂತ ಕೇಳಿದ ಕಿವಿಗೆ ಅದು ಹೇಗಿರುತ್ತದೆ ಅಲ್ವಾ? ಇಲ್ಲಿ ಅಳತೆಯೇ ಬೇರೆ. 48 ಅಂದರೆ ನಮ್ಮ 6.5 ಶೇಕಡ, ಡಯಾಬಿಟಿಸ್‌ನ ಗೆರೆ. 41 ಅಂದರೆ 5.9. ಹಾಗೇ ಸಕ್ಕರೆಯ ಸಂಖ್ಯೆಯನ್ನು 18ರಿಂದ ಗುಣಿಸಿ: ಇಲ್ಲಿನ 7 ಅಂದರೆ ಅಲ್ಲಿನ 126. ಕೊಲೆಸ್ಟರಾಲ್ ಆದರೆ ಸುಮಾರು 39ರಿಂದ; 5.2 ಅಂದರೆ 200ರ ಹತ್ತಿರ. ಕೆಲವೊಮ್ಮೆ ಡಾಕ್ಟರ್ ಟಿಪ್ಪಣಿಗೆ ಮೊದಲೇ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ‘ನೋ ಫರ್ದರ್ ಆ್ಯಕ್ಷನ್’ ಅಂತ ಬಂದರೆ ಅವರು ನೋಡಿ, ಸದ್ಯಕ್ಕೆ ಏನೂ ಮಾಡಬೇಕಿಲ್ಲ ಅಂದಿದ್ದಾರೆ ಅಂತ.

ಆಸ್ಪತ್ರೆಯದ್ದು ಬೇರೆ ಕಂಪ್ಯೂಟರ್. ಅಲ್ಲಿಂದ ಜಿಪಿಗೆ ಪತ್ರ ಬರುತ್ತದೆ, ಆದರೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಅವರವರದೇ ವ್ಯವಸ್ಥೆ. ನಿಮ್ಮ ಮಾಹಿತಿ ಸಂಶೋಧನೆಗೆ ಹೋಗುವುದು ಬೇಡವಾದರೆ ನ್ಯಾಷನಲ್ ಡೇಟಾ ಆಪ್ಟ್‌ಔಟ್ ಇದೆ. ಅದರಿಂದ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ.

ಇನ್ನು ಊರಿಂದ ಬರುವ ಅಪ್ಪ ಅಮ್ಮ. ಮೂರು ತಿಂಗಳೊಳಗಿನ ಭೇಟಿಯಾದರೆ ಅವರನ್ನು ತಾತ್ಕಾಲಿಕ ರೋಗಿಯಾಗಿ ಸೇರಿಸಲು ಕೇಳಬಹುದು. ಜಿಪಿ ನೋಡುವುದಕ್ಕೆ ದುಡ್ಡಿಲ್ಲ, ಆಸ್ಪತ್ರೆಗೆ ದಾಖಲಾದರೆ ಮಾತ್ರ ಬಿಲ್ಲು ಜೋರು. ವಿಮೆ ಮಾಡಿಸಿ. ಅವರ ಬಗ್ಗೆ ಇಲ್ಲಿನ ಕಂಪ್ಯೂಟರಿನಲ್ಲಿ ಒಂದಕ್ಷರವೂ ಇರುವುದಿಲ್ಲ. ಆದ್ದರಿಂದ ಆ ಪ್ಲಾಸ್ಟಿಕ್ ಕವರನ್ನು ಚೆಕ್‌ಇನ್ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ತರಲು ಹೇಳಿ.