ಪದ್ಮಿನಿ ಕಾರಿನ ಕ್ಯಾಸೆಟ್ಟಿನಲ್ಲಿ ಮಾತಾಡಿದ್ದು ಯಾರು?

ಹೋದ ವರ್ಷ ದಸರಾ ಮುಗಿದ ವಾರ ಗೆಳೆಯನೊಬ್ಬ ಅಂಗಡಿಗೆ ಬಂದು ಕೌಂಟರ್ ಮೇಲೆ ಒಂದು ಕ್ಯಾಸೆಟ್ ಇಟ್ಟ. ಅವನು ಹಳೇ ಪ್ರೀಮಿಯರ್ ಪದ್ಮಿನಿ ಕೊಂಡು, ಪಿ.ಬಿ. ರೋಡಿನ ಒಂದು ಗ್ಯಾರೇಜಿನಲ್ಲಿ ಪೂರಾ ಬಿಚ್ಚಿಸಿ ಹರಡಿಕೊಂಡಿದ್ದ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇನ್ಶೂರೆನ್ಸ್ ಕಾಗದ, ಒಂದು ಸ್ಪಾರ್ಕ್ ಪ್ಲಗ್, ಜೊತೆಗೆ ಇದು ಸಿಕ್ಕಿತಂತೆ. ಲೇಬಲ್ ಮೇಲೆ ನೀಲಿ ಇಂಕಿನಲ್ಲಿ 'ಕಾರ್ ಪ್ರಚಾರ' ಅಂತ ಮಾತ್ರ ಬರೆದಿತ್ತು.

"ಅಣ್ಣಾ, ಮನೇಲಿ ಒಂದ್ಸಲ ಹಾಕಿ ಕೇಳಿದೆ. ಆಮೇಲೆ ಟೇಪು ಸುತ್ತಿಕೊಂಡುಬಿಡ್ತು. ರೇಡಿಯೋದ ಅಮೀನ್ ಸಯಾನಿನೇ ಮಾತಾಡಿರೋದು, ಬೇಕಾದ್ರೆ ನೋಡು" ಅಂದ.

ನನ್ನದು ದಾವಣಗೆರೆಯಲ್ಲಿ ಮೈಕ್ ಸೆಟ್ ಅಂಗಡಿ. ಮದುವೆ ಸೀಸನ್ ಇಲ್ಲದಾಗ ಜನರ ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇನೆ. ಅಜ್ಜಿಯ ಸೋಬಾನೆ ಹಾಡು, ತೀರಿಹೋದ ಅಪ್ಪನ ಭಜನೆ, ಇಂಥವೇ ಜಾಸ್ತಿ. ಯಾರ ದನಿ ಅಂತ ಕಂಡುಹಿಡಿದು ಕೊಡಿ ಅಂತ ಅದುವರೆಗೆ ಯಾರೂ ಕೇಳಿರಲಿಲ್ಲ.

ಕ್ಯಾಸೆಟ್ ಒಳಗಿನ ಪುಟ್ಟ ಸ್ಪಂಜಿನ ಪ್ಯಾಡು ಉದುರಿಹೋಗಿತ್ತು. ಅದಿಲ್ಲದಿದ್ದರೆ ಟೇಪು ಅದನ್ನು ಓದುವ ಹೆಡ್ಡಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ದನಿ ಕಂಬಳಿ ಹೊದ್ದ ಹಾಗೆ ಬರುತ್ತದೆ. ಸ್ಕ್ರೂ ಬಿಚ್ಚಿ, ಟೇಪನ್ನು ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಸಾಗಿಸಿದೆ. ಹೆಡ್ ಒರೆಸಿ, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. 'ಸ' ಅಕ್ಷರ ಸ್ಪಷ್ಟವಾಗಿ ಕೇಳಿಸಿದ ಕಡೆ ನಿಲ್ಲಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಆ ಮೂಲ ಫೈಲನ್ನು ಒಂದು ಕಡೆ ಎತ್ತಿಟ್ಟೆ, ಅದನ್ನು ಯಾವತ್ತೂ ಮುಟ್ಟುವುದಿಲ್ಲ. ಇನ್ನೊಂದು ಕಾಪಿ ಮಾಡಿ, ಆಡಾಸಿಟಿ ಅನ್ನೋ ಸೌಂಡ್ ತಿದ್ದುವ ಸಾಫ್ಟ್‌ವೇರಿನಲ್ಲಿ ಸುಂಯ್ ಅನ್ನೋ ಸದ್ದು, ಟಕ್ ಟಕ್ ಅನ್ನೋ ಸದ್ದು ಎಲ್ಲ ತೆಗೆದು ಸ್ವಚ್ಛ ಮಾಡಿದೆ. ಗಿರಾಕಿಗಳಿಗೆ ಕೊಡೋದು ಹಾಗೇ.

ಜಾಹೀರಾತು ಹೀಗೆ ಶುರುವಾಗುತ್ತದೆ:

"ತಾಯಂದಿರೇ, ಅಕ್ಕಂದಿರೇ, ಅಣ್ಣತಮ್ಮಂದಿರೇ! ಪೆಟ್ಟಿಗೆಯಂಥಾ ಕಾರಿನಲ್ಲಿ ಮೊಣಕಾಲು ಮಡಚಿಕೊಂಡು ಯಾಕೆ ಕೂರುತ್ತೀರಿ? ಮನೆಮಂದಿಯೆಲ್ಲ ಕೂತ ಮೇಲೂ ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿಗೆ ಜಾಗ ಉಳಿಯುವ ಪದ್ಮಿನಿ..."

ಗೆಳೆಯ ಯಾಕೆ ಸಯಾನಿ ಅಂದ ಅಂತ ತಕ್ಷಣ ಗೊತ್ತಾಯಿತು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾದಾಗಿನಿಂದ ಸಯಾನಿಯವರ 'ಬೆಹನೋ ಔರ್ ಭಾಯಿಯೋ' ದೇಶಕ್ಕೆಲ್ಲ ಬಾಯಿಪಾಠ. ಎಲ್ಲರೂ ಅಣ್ಣಂದಿರನ್ನು ಮೊದಲು ಕರೆದರೆ ಅವರು ಅಕ್ಕತಂಗಿಯರನ್ನು ಮೊದಲು ಕರೆದರು. ನಮ್ಮ ಕ್ಯಾಸೆಟ್ಟಿನ ಆಸಾಮಿ ಅದನ್ನೇ ಕನ್ನಡಕ್ಕೆ ಇಳಿಸಿದ್ದ. ಆ ನಗುನಗುತ್ತಾ ಮಾತಾಡುವ ಧಾಟಿಯನ್ನೂ ಎತ್ತಿಕೊಂಡಿದ್ದ. ಆದರೆ ದಾವಣಗೆರೆಯನ್ನು 'ದಾವಣಿಗೇರಿ' ಅನ್ನುತ್ತಿದ್ದ. ಮುಂಬೈಯವರು ಯಾರೂ ಹಾಗೆ ಅನ್ನೋದಿಲ್ಲ, ಅಲ್ವಾ?

ದನಿ ಮಾತ್ರ ತೆಳ್ಳಗಿತ್ತು, ಸ್ವಲ್ಪ ಅವಸರದ್ದು. ಟೇಪಿನ ಸ್ಪೀಡು ಹೆಚ್ಚಾಗಿರಬೇಕು ಅನಿಸಿತು. ಇದನ್ನು ನೋಡಲು ಒಂದು ದಾರಿ ಇದೆ. ಮೂಲ ಫೈಲಿನ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಏರಿಳಿತ ತೋರಿಸುವ ಚಿತ್ರ, ತೆಗೆದು, ಮಾತಿಲ್ಲದ ಜಾಗದಲ್ಲಿ ಕೆಳಗಡೆ ನೋಡಬೇಕು. ಕರೆಂಟಿನ ಗುಂಯ್ ಸದ್ದು ಅಲ್ಲಿ ಗೆರೆಯಾಗಿ ಕಾಣುತ್ತದೆ. ನಮ್ಮ ಕರೆಂಟಿನದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ನನಗೆ ಎರಡು ಗೆರೆ ಕಂಡವು. ಒಂದು ಸರಿಯಾಗಿ 50 ಹರ್ಟ್ಸ್‌ನಲ್ಲಿ, ಅದು ನನ್ನ ಕ್ಯಾಸೆಟ್ ಡೆಕ್ಕಿನದೇ. ಇನ್ನೊಂದು 53ರ ಹತ್ತಿರ. ಅದು ಅವತ್ತು ರೆಕಾರ್ಡ್ ಮಾಡಿದ ರೂಮಿನ ಕರೆಂಟು, ಟೇಪಿನ ಜೊತೆಗೇ ಬಂದದ್ದು. ಅಂದರೆ ಟೇಪು ನೂರಕ್ಕೆ ಆರರಷ್ಟು ಜೋರಾಗಿ ಓಡುತ್ತಿದೆ, ದನಿ ಅರ್ಧ ಸ್ವರ ಮೇಲೆ ಹೋಗಿದೆ. ಇಲ್ಲಿ ಇನ್ನೊಂದು ತೊಡಕು. ಆ ಕಾಲದಲ್ಲಿ ನಮ್ಮ ಕಡೆ ಕರೆಂಟು 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ, 49ಕ್ಕೂ ಇಳಿಯುತ್ತಿತ್ತು. ಹಾಗಾಗಿ ಸ್ಪೀಡು ನೂರಕ್ಕೆ ಆರು, ಏಳು, ಎಂಟು ಹೆಚ್ಚಿದೆ ಅಂತ ಮೂರು ರೀತಿಯಲ್ಲೂ ಇಳಿಸಿ ನೋಡಿದೆ. ಏಳರಲ್ಲಿ ಮನುಷ್ಯ ಮನುಷ್ಯನ ಹಾಗೆ ಮಾತಾಡಿದ. ದನಿ ದಪ್ಪಗಾಯಿತು, ಎದೆಯಿಂದ ಬಂತು. ಸಯಾನಿ ಅಲ್ಲಿಗೆ ಮಾಯ.

ಕಾಲ ಗೊತ್ತುಮಾಡುವುದು ಅಷ್ಟು ಕಷ್ಟವಾಗಲಿಲ್ಲ. ಕಾರಿಗೆ ಪದ್ಮಿನಿ ಅನ್ನೋ ಹೆಸರು ಬಂದಿದ್ದೇ 1974ರಲ್ಲಿ. 'ಪೆಟ್ಟಿಗೆಯಂಥಾ ಕಾರು' ಅಂತ ಚುಚ್ಚಿದ್ದು ಮಾರುತಿ 800ಕ್ಕೇ ಇರಬೇಕು, ಅದು ರಸ್ತೆಗೆ ಇಳಿದದ್ದು 1983ರ ಡಿಸೆಂಬರಿನಲ್ಲಿ. ಕೊನೆಗೆ ವಿಳಾಸ ಹೇಳುವಾಗ 'ಚಿತ್ರದುರ್ಗ ಜಿಲ್ಲೆ' ಅನ್ನುತ್ತಾನೆ. ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹದಿಮೂರು ಹದಿನಾಲ್ಕು ವರ್ಷದ ಅಂತರ ಉಳಿಯಿತು, ಸಾಕು ಅಂದುಕೊಂಡೆ.

ಅಸಲಿ ಸುಳಿವು ಕ್ಯಾಸೆಟ್ಟಿನ ಅದೇ ಬದಿಯಲ್ಲಿ, ಐದು ನಿಮಿಷ ಖಾಲಿ ಓಡಿದ ಮೇಲೆ ಸಿಕ್ಕಿತು. ದುಗ್ಗಮ್ಮನ ಜಾತ್ರೆಗೆ ಕ್ಯಾಂಪ್ ಹಾಕಿದ್ದ ಒಂದು ನಾಟಕ ಕಂಪನಿಯ ಪ್ರಚಾರ. ಇಲ್ಲಿ ನಗುನಗುವ ಧಾಟಿ ಇಲ್ಲ, ಕಂಪನಿ ನಾಟಕದ ಗತ್ತು. ಆದರೂ ಕೇಳಿದ ಕೂಡಲೇ ಇವನೇ ಅವನು ಅನಿಸಿತು. ಅನಿಸಿದರೆ ಸಾಲದಲ್ಲ. ಎರಡರಲ್ಲೂ ಬರುವ ಪದಗಳನ್ನು ಕತ್ತರಿಸಿ ಒಂದರ ಹಿಂದೆ ಒಂದು ಇಟ್ಟು ಕೇಳಿದೆ. 'ರೂಪಾಯಿ' ಎರಡರಲ್ಲೂ 'ರುಪಾಯಿ'. 'ವಿಶೇಷ' ಎರಡರಲ್ಲೂ 'ವಿಶೇಶ'. ಎರಡೂ 'ಮರೆಯದಿರಿ, ಮರೆತು ನಿರಾಶರಾಗದಿರಿ' ಅಂತಲೇ ಮುಗಿಯುತ್ತವೆ. ಅದನ್ನು ಪ್ರಚಾರದ ಆಟೋದಲ್ಲಿ ಕೂತವರೆಲ್ಲ ಹೇಳುತ್ತಾರೆ, ಸರಿ. ಆದರೆ ಈತ ನಡುವಿನ 'ಶ'ವನ್ನು ಅರ್ಧ ನುಂಗಿ, 'ನಿರಾಶ್ರಾಗದಿರಿ' ಅಂದು, ಕೊನೆಯ 'ರಿ'ಯನ್ನು ಮಾಳಿಗೆ ಮೇಲಕ್ಕೆ ಎಸೆದ ಹಾಗೆ ಎತ್ತುತ್ತಾನೆ. ಎರಡು ಕಡೆಯೂ ಅದೇ ನುಂಗು, ಅದೇ ಎತ್ತು. ನನಗೆ ಖಾತ್ರಿಯಾಯಿತು.

ಇನ್ನು ಹೆಸರು. 'ಇದು ಇಂಥವರ ದನಿನಾ?' ಅಂತ ಕೇಳಬಾರದು, ಕೇಳಿದರೆ ಯಾರಾದರೂ ಹೌದು ಅಂತಲೇ ಅಂದುಬಿಡುತ್ತಾರೆ. ನಾಟಕದ ಪ್ರಚಾರವನ್ನು ಮೊಬೈಲಿಗೆ ಹಾಕಿಕೊಂಡು ಸುಮ್ನೆ ಕೇಳಿಸಿದೆ. ಅದನ್ನೇ ಯಾಕೆ ಆರಿಸಿದೆ ಅಂದರೆ, ಅದರಲ್ಲಿ ದನಿ ಚೊಕ್ಕವಾಗಿತ್ತು, ನಕಲು ಇರಲಿಲ್ಲ. ಗಡಿಯಾರ ಕಂಬದ ಹತ್ತಿರ ಒಬ್ಬರು ಹಳೇ ಪ್ರಚಾರದ ಆಟೋ ಓಡಿಸಿದವರು. ಮಂಡಕ್ಕಿ ಭಟ್ಟಿ ಕಡೆ ಒಬ್ಬರು ತಬಲಾ ನುಡಿಸುತ್ತಿದ್ದ ಅಜ್ಜ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲಿಲ್ಲ. ಇಬ್ಬರೂ ಹೇಳಿದ್ದು ಒಂದೇ ಹೆಸರು. ಆ ಹೆಸರು ಇಲ್ಲಿ ಬರೆಯೋದಿಲ್ಲ, ಮನೆಯವರಿಗೆ ಇಷ್ಟವಿಲ್ಲ. ಕಂಪನಿ ಬಿಟ್ಟು ಹರಿಹರದಲ್ಲಿ ಮಗಳ ಮನೆಯಲ್ಲಿದ್ದಾರೆ ಅಂತ ಗೊತ್ತಾಯಿತು.

ಗೆಳೆಯನಿಗೆ ಫೋನ್ ಮಾಡಿ 'ಸಿಕ್ಕಿದ್ರು' ಅಂದುಬಿಟ್ಟೆ. ಅವನು ಒಂದು ಹಾರ, ಶಾಲು ತಗೊಂಡು ಬಂದ.

ಹರಿಹರದ ಆ ಅಜ್ಜನಿಗೆ ಎಂಬತ್ತು ದಾಟಿತ್ತು. ಕಿವಿ ಚೆನ್ನಾಗಿತ್ತು. ಮೊದಲು ನಾಟಕದ್ದು ಹಾಕಿದೆ. ಕಣ್ಣು ಮುಚ್ಚಿಕೊಂಡು ಕೇಳಿ, "ನಂದೇ" ಅಂದರು. ಗೆಳೆಯ ಶಾಲಿನ ಕವರ್ ಬಿಚ್ಚೋಕೆ ಶುರು ಮಾಡಿದ. ಆಮೇಲೆ ಕಾರಿನದ್ದು ಹಾಕಿದೆ. ಮುಗಿಯುವವರೆಗೂ ಸುಮ್ಮನಿದ್ದರು.

"ಇದು ನಾನಲ್ಲಪ್ಪ. ನನ್ನ ತಮ್ಮ. ಅವನಿಗೆ ರೇಡಿಯೋ ಹುಚ್ಚು."

ಒಂದೇ ಮನೆ, ಒಂದೇ ಬಾಯಿ, ಒಂದೇ ಕಂಪನಿಯ ಮೇಷ್ಟ್ರು ತಿದ್ದಿದ ಮಾತು. ನಾನು ಇಬ್ಬರಲ್ಲೂ ಹೊಂದಿಸಿ ನೋಡಿದ್ದೆಲ್ಲ ಮನೆತನದ್ದಾಗಿತ್ತು, ಒಬ್ಬನದ್ದಾಗಿರಲಿಲ್ಲ. ತಮ್ಮ ತೀರಿಹೋಗಿ ತುಂಬಾ ವರ್ಷ ಆಗಿದೆಯಂತೆ.

ನಾನು ಸ್ವಲ್ಪ ಹಟದಿಂದಲೇ, "ಖಂಡಿತ ನೀವಲ್ವಾ ಅಜ್ಜಾರೇ?" ಅಂದೆ.

"ಅಲ್ಲ. ಆದ್ರೆ ಇದರಲ್ಲಿ ಅಡಿಕೆ ಸದ್ದು ಎಲ್ಲಿ ಹೋಯ್ತು?"

ಅರ್ಥವಾಗಲಿಲ್ಲ. ತಮ್ಮನ ದವಡೆಯಲ್ಲಿ ಯಾವಾಗಲೂ ಅಡಿಕೆ ಇರುತ್ತಿತ್ತಂತೆ. ದೊಡ್ಡ ಮಾತು ಬರುವ ಮುಂಚೆ, ರೇಟು ಹೇಳುವ ಮುಂಚೆ ಅದನ್ನು ನಾಲಿಗೆಯಲ್ಲಿ ಆ ಕಡೆಯಿಂದ ಈ ಕಡೆಗೆ ದಬ್ಬುತ್ತಿದ್ದನಂತೆ. ಮೈಕಿನಲ್ಲಿ ಟಕ್ ಅನ್ನುತ್ತಿತ್ತು. ಅದಕ್ಕೆ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡದ್ದೂ ಉಂಟು. "ಅಡಿಕೆ ಇಲ್ದೆ ಅವನು ಮಾತಾಡಿದ್ದು ನಾನಂತೂ ಕೇಳಿಲ್ಲ" ಅಂದರು.

ನನ್ನ ಕಿವಿ ಬಿಸಿಯಾಯಿತು. ಮೊದಲ ದಿನವೇ, ಟೇಪಿನ ಕಸ ಅಂತ, ಟಕ್ ಟಕ್ ಎಲ್ಲವನ್ನೂ ಒಂದೇ ಬಟನ್ನಿನಲ್ಲಿ ತೆಗೆದುಹಾಕಿದ್ದೆ.

ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು. ಮೂಲ ಫೈಲು ತೆರೆದು, ಸ್ಪೀಡು ಇಳಿಸಿ, ಏನನ್ನೂ ತೆಗೆಯದೆ ಹಾಕಿದೆ. ಸುಂಯ್ ಅನ್ನುವ ಸದ್ದಿನ ನಡುವೆ 'ತಾಯಂದಿರೇ' ಬಂತು. 'ಮನೆಮಂದಿಯೆಲ್ಲ ಕೂತ ಮೇಲೂ ಡಿಕ್ಕಿಯಲ್ಲಿ' ಅಂದವನು ಒಂದು ಕ್ಷಣ ನಿಂತ. ಟಕ್. 'ಒಂದು ಮೂಟೆ ಅಕ್ಕಿಗೆ.' ನಲವತ್ತು ಸೆಕೆಂಡಿನಲ್ಲಿ ನಾಲ್ಕು ಸಲ. ನಾಟಕದ ಪ್ರಚಾರದ ಮೂಲ ಫೈಲಿನಲ್ಲಿ ಹುಡುಕಿದೆ, ಒಂದೂ ಇಲ್ಲ.

ಅಜ್ಜ ಎರಡನೇ ಟಕ್ಕಿಗೇ ನಗಲು ಶುರು ಮಾಡಿದ್ದರು. ಒಳಗಿದ್ದ ಮಗಳನ್ನು ಕೂಗಿದರು: "ಏ, ಬಾ ಇಲ್ಲಿ, ನಿಮ್ ಚಿಗಪ್ಪ ಮಾತಾಡ್ತಿದಾನೆ."

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಮತ್ತೆ ಮೊದಲಿನಿಂದ ಹಾಕಿದೆ.