ಕಾರು ತಗ್ಗಿಸಿದ ಮೇಲೆ ಕಾಫಿ ಒಣಗಿಸೋ ಕಣದಲ್ಲಿ ನಾನೇ ಮಾಡ್ಕೊಂಡ ವೀಲ್ ಅಲೈನ್ಮೆಂಟ್

ನಮ್ಮ ಮನೆ ಮೂರ್ನಾಡು ಹತ್ರ. ಕಾರು 2013ರ ಸ್ವಿಫ್ಟ್, 15 ಇಂಚು ರಿಮ್ಮು, 185/65 ಟಯರು. ಹೋದ ವರ್ಷ ಬೇಸಿಗೇಲಿ 35 ಮಿಲಿಮೀಟರ್ ತಗ್ಗಿಸೋ ಸ್ಪ್ರಿಂಗ್ ಹಾಕಿಸಿದೆ, ಕಂಪನಿ ಕೊಟ್ಟ 170 ಗ್ರೌಂಡ್ ಕ್ಲಿಯರೆನ್ಸ್ ಇಳಿದು 135 ಆಗ್ತದೆ, ನಮ್ಮ ತೋಟದ ದಾರಿಗೆ ಅದಕ್ಕಿಂತ ಕೆಳಗೆ ಹೋಗೋಕೆ ಸಾಧ್ಯವೇ ಇಲ್ಲ. ಸಂಪಾಜೆ ಘಾಟಿ ತಿರುವಲ್ಲಿ ಕಾರು ವಾಲೋದು ಎಷ್ಟು ಕಮ್ಮಿ ಆಯ್ತು ಅಂದ್ರೆ ಮೊದಲ ಸಲ ಇಳಿದಾಗ ನಂಗೆ ನಿಜವಾಗ್ಲೂ ಖುಷಿ ಆಯ್ತು.

ಸ್ಪ್ರಿಂಗ್ ಹಾಕಿದ ಅಂಗಡಿಯವರು ಅದೇ ದಿನ ಸಾಯಂಕಾಲ ಅಲೈನ್ಮೆಂಟೂ (ಚಕ್ರಗಳ ಓರೆ, ದಿಕ್ಕು ಸರಿ ಮಾಡೋದು) ಮಾಡಿ ಪ್ರಿಂಟ್ ಕೊಟ್ರು, ಎಲ್ಲಾ ಹಸಿರು, ಅಂದ್ರೆ ಎಲ್ಲಾ ಸರಿ ಇದೆ ಅಂತ. ನಾನು ನಂಬಿ ಓಡಿಸ್ತಾ ಇದ್ದೆ. ಜುಲೈ ಮಳೇಲಿ ಒಂದಿನ ಘಾಟಿ ಇಳೀವಾಗ ನೀರು ನಿಂತಿದ್ದ ಕಡೆ ಮುಂದಿನ ಚಕ್ರ ಹಿಡಿತ ಬಿಟ್ಟು ಸ್ಟೀರಿಂಗ್ ಒಮ್ಮೆ ಹಗುರ ಆಗಿ ಎಳೀತು. ಮನೆಗೆ ಬಂದು ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟು ಟಯರಿನ ಒಳಗಡೆ ಕೈ ಹಾಕಿ ನೋಡ್ತೀನಿ, ನುಣ್ಣಗೆ, ಒಂದು ಕಡೆ ತಂತಿ ಬೆರಳಿಗೆ ತಾಗ್ತಾ ಇದೆ. ಹೊರಗಡೆ ಮಾತ್ರ 5 ಮಿಲಿಮೀಟರ್ ಗ್ರಿಪ್ ಹಾಗೇ ಇದೆ. ಆರು ಸಾವಿರ ಕಿಲೋಮೀಟರೂ ಆಗಿರಲಿಲ್ಲ. ಆ ಟಯರಲ್ಲಿ ಅಪ್ಪ ಅಮ್ಮನ್ನ ಕೂರಿಸ್ಕೊಂಡು ಭಾಗಮಂಡಲಕ್ಕೆ ಹೋಗಿ ಬಂದಿದ್ದೆ, ನೆನೆಸ್ಕೊಂಡ್ರೆ ಈಗಲೂ ಎದೆ ಝಲ್ ಅಂತದೆ.

ಎಲ್ಲರೂ ಹೇಳಿದ್ದು ಒಂದೇ, ತಗ್ಗಿಸಿದ್ದಕ್ಕೆ ಕ್ಯಾಂಬರ್ ನೆಗೆಟಿವ್ ಆಯ್ತು (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿತು), ಟಯರ್ ತಿಂತು ಅಂತ. ಅರ್ಧ ಮಾತ್ರ ನಿಜ. ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಅಷ್ಟು ಬೇಗ ಟಯರ್ ತಿನ್ನಲ್ಲ, ತಿನ್ನೋದು ಟೋ (ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರೋದು), ಕ್ಯಾಂಬರ್ ಇದ್ರೆ ಅದು ಒಳಗಿನ ಅಂಚನ್ನೇ ಹುಡುಕಿ ತಿಂತದೆ ಅಷ್ಟೆ. ಲೆಕ್ಕ ಸುಲಭ: ರಿಮ್ಮಿನ ಅಂಚಿಂದ ಅಂಚಿಗೆ ಸುಮಾರು 400 ಮಿಲಿಮೀಟರ್ ಅಂತ ಇಟ್ಕೊಳ್ಳಿ, ಅದರ ಮುಂದಿನ ಅಂಚು ಹಿಂದಿನ ಅಂಚಿಗಿಂತ ಬರೀ 2 ಮಿಲಿಮೀಟರ್ ಹೊರಗೆ ನಿಂತಿದ್ರೂ ಅದು ಇನ್ನೂರಕ್ಕೆ ಒಂದು, ಅಂದ್ರೆ ಒಂದು ಕಿಲೋಮೀಟರ್ ಓಡಿದ್ರೆ ಟಯರು ಹತ್ರ ಹತ್ರ 5 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಒಂದು ಸಲ ಹೋದ್ರೆ 600 ಮೀಟರ್!

ಕಾರು ಇಳಿದಾಗ ಟೋ ಯಾಕೆ ಬದಲಾಗ್ತದೆ ಅಂದ್ರೆ ಟೈ ರಾಡೂ (ಸ್ಟೀರಿಂಗಿಂದ ಚಕ್ರ ತಿರುಗಿಸೋ ಸರಳು) ಲೋವರ್ ಆರ್ಮೂ (ಚಕ್ರನ ಕೆಳಗಿಂದ ಹಿಡಿದಿರೋ ತೋಳು) ಬೇರೆ ಬೇರೆ ಜಾಗದಿಂದ ಬೇರೆ ಬೇರೆ ಉದ್ದದಲ್ಲಿ ತಿರುಗ್ತವೆ, ಎರಡರ ಕಮಾನು ಒಂದೇ ಅಲ್ಲ, ಹಂಗಾಗಿ ಚಕ್ರ ಮೇಲೆ ಹೋದ ಹಾಗೆ ಟೈ ರಾಡ್ ಅದನ್ನ ಸ್ವಲ್ಪ ತಿರುಗಿಸ್ತದೆ. ನನ್ನ ಕಾರಲ್ಲಿ ಟೋ ಔಟ್ ಕಡೆಗೆ, ಅಂದ್ರೆ ಚಕ್ರದ ಮುಂಭಾಗ ಹೊರಕ್ಕೆ. ಮತ್ತೆ ಹೊಸ ಸ್ಪ್ರಿಂಗ್ ಹಾಕಿದ ದಿನವೇ ಪೂರ್ತಿ ಇಳಿದು ಕೂರಲ್ಲ. ಹಬ್ (ಚಕ್ರದ ನಡುಭಾಗ) ಮಧ್ಯದಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ) ಅಂಚಿಗೆ ಅಳತೆ ತೆಗೆದು ಮೊದಲೇ ಬರೆದಿಟ್ಟಿದ್ದೆ, ಆಮೇಲೆ ನೋಡಿದ್ರೆ ಇನ್ನೂ 6 ಮಿಲಿಮೀಟರ್ ಇಳಿದಿತ್ತು. ಅಲೈನ್ಮೆಂಟ್ ಮಾಡಿದ್ದು ಆ 6 ಇಳಿಯೋಕೆ ಮೊದಲು.

ಇನ್ನೊಂದು ತಪ್ಪೂ ಸಿಕ್ತು, ಇದನ್ನ ತುಂಬಾ ಜನ ನೋಡೋದೇ ಇಲ್ಲ. ಲೋವರ್ ಆರ್ಮ್ ಕೀಲಲ್ಲಿರೋ ಬುಶ್ ಬೋಲ್ಟನ್ನ ಚಕ್ರ ನೇತಾಡ್ತಾ ಇರುವಾಗಲೇ ಟೈಟ್ ಮಾಡಿದ್ರು. ಹಂಗೆ ಮಾಡಿದ್ರೆ ಕಾರು ನೆಲಕ್ಕೆ ಇಳಿದಾಗ ಬುಶ್ಶಿನ ರಬ್ಬರು ಯಾವಾಗ್ಲೂ ತಿರುಚಿಕೊಂಡೇ ಇರ್ತದೆ, ಬೇಗ ಹರೀತದೆ, ಎತ್ತರಾನೂ ಸುಳ್ಳು ತೋರಿಸ್ತದೆ. ಕಾರಿನ ಭಾರ ಚಕ್ರದ ಮೇಲೆ ಇರುವಾಗ ಸಡಿಲ ಮಾಡಿ ನಾಲ್ಕು ಸಲ ಅದುಮಿ ಅದೇ ಎತ್ತರದಲ್ಲಿ ಟೈಟ್ ಮಾಡ್ಬೇಕು, ನಾನು ಮೊದಲು ಮಾಡಿದ ಕೆಲಸ ಅದು.

ಹೊಸ ಟಯರ್ ಎರಡು ಹಾಕಿಸಿ, ಅಲೈನ್ಮೆಂಟ್ ಈ ಸಲ ನಾನೇ ಮಾಡ್ತೀನಿ ಅಂತ ಹೊರಟೆ. ಜಾಗ ನಮ್ಮ ಕಾಫಿ ಕಣ, ಕುಯ್ಲಿಗೆ ಮೊದಲು ಖಾಲಿ ಇರ್ತದೆ. ಅಪ್ಪ ಹೇಳಿದ್ದು ಒಂದೇ ಮಾತು, "ಸಿಮೆಂಟಿಗೆ ಒಂದು ಹನಿ ಗ್ರೀಸ್ ಬೀಳಬಾರ್ದು ನೋಡು, ಕಾಫಿ ವಾಸನೆ ಹಿಡೀತದೆ." ಸರಿಯಾದ ಮಾತೇ, ಟಾರ್ಪಾಲು ಹಾಸಿದೆ. ಕಣ ಕಣ್ಣಿಗೆ ಸಮ ಕಾಣ್ತದೆ ಆದ್ರೆ ಮಳೆ ನೀರು ಹರಿಯೋಕೆ ಅಂತ ವಾಟ ಕೊಟ್ಟೇ ಇರ್ತಾರೆ, ಗಾರೆಯವರ ಲೆವೆಲ್ ಪೈಪಿಗೆ ನೀರು ತುಂಬಿ ನೋಡಿದ್ರೆ ಎಡಕ್ಕೂ ಬಲಕ್ಕೂ 9 ಮಿಲಿಮೀಟರ್ ವ್ಯತ್ಯಾಸ. ತಗ್ಗು ಇದ್ದ ಕಡೆ ಎರಡು ಚಕ್ರಕ್ಕೂ ಒಂದೊಂದು ನೆಲದ ಟೈಲ್ಸ್ ಜಾಸ್ತಿ ಇಟ್ಟೆ. ಮುಂದಿನ ಚಕ್ರದ ಅಡಿಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಎರಡು ಪದರ, ನಡುವೆ ಗ್ರೀಸು, ಚಕ್ರ ತಾನಾಗಿ ಜಾರಿ ಸರಿಯಾದ ಜಾಗಕ್ಕೆ ಕೂರಲಿ ಅಂತ. ಡ್ರೈವರ್ ಸೀಟಲ್ಲಿ 50 ಕೆಜಿ ಗೊಬ್ಬರದ ಮೂಟೆ ಒಂದು, 25 ಕೆಜಿ ಅಕ್ಕಿ ಚೀಲ ಒಂದು, ಅಲ್ಲಿಗೆ ನನ್ನ ತೂಕ. ಅರ್ಧ ಟ್ಯಾಂಕ್ ಪೆಟ್ರೋಲು, ಟಯರ್ ತಣ್ಣಗಿರುವಾಗ ಗಾಳಿ ಚೆಕ್ಕು.

ಕಾರಿನ ಎರಡೂ ಪಕ್ಕ ಮೀನು ಹಿಡಿಯೋ ಟಂಗೀಸ್ ದಾರ ಹಬ್ ಎತ್ತರಕ್ಕೆ ಬಿಗಿಯಾಗಿ ಕಟ್ಟಿದೆ. ಇಲ್ಲಿ ಹುಷಾರಾಗಿರ್ಬೇಕು, ಮುಂದಿನ ಎರಡು ಚಕ್ರದ ನಡುವಿನ ಅಗಲವೂ ಹಿಂದಿನ ಎರಡರದೂ ಒಂದೇ ಇರಲ್ಲ, ಅದಕ್ಕೆ ಟಯರಿಗೆ ತಾಗಿಸಿ ದಾರ ಎಳೀಬಾರ್ದು. ಎರಡು ದಾರದ ನಡುವಿನ ದೂರ ಮುಂದೆ ಹಿಂದೆ ಒಂದೇ ಬರ್ಬೇಕು, ಮತ್ತೆ ಎಡ ಬಲ ಹಬ್ಬಿಂದಲೂ ದಾರಕ್ಕೆ ಸಮ ದೂರ ಬರ್ಬೇಕು, ಇಷ್ಟಕ್ಕೇ ನಂಗೆ ಒಂದೂವರೆ ಗಂಟೆ ಹಿಡೀತು. ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚು ಹಿಂದಿನ ಅಂಚು ಸ್ಟೀಲ್ ಸ್ಕೇಲಲ್ಲಿ ಅಳೆದೆ, ರಿಮ್ಮು ಸೊಟ್ಟ ಇದ್ರೆ ಗೊತ್ತಾಗ್ಲಿ ಅಂತ ಚಕ್ರ ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದೆ. ಎಡಗಡೆ 2, ಬಲಗಡೆ 1.5 ಮಿಲಿಮೀಟರ್, ಎರಡೂ ಟೋ ಔಟ್. ಟಯರ್ ಹೋದ ಕಾರಣ ಅಲ್ಲೇ ಕಣ್ಣ ಮುಂದೆ ಇತ್ತು.

ಕ್ಯಾಂಬರಿಗೆ ತೂಗುಗುಂಡು. ಟಯರಿಗೆ ತಾಗದ ಹಾಗೆ ಇಳಿಬಿಟ್ಟು ರಿಮ್ಮಿನ ಮೇಲಿನ ಅಂಚು ಕೆಳಗಿನ ಅಂಚಿಗಿಂತ ಎಷ್ಟು ಒಳಗಿದೆ ಅಂತ ನೋಡೋದು, 7 ಮಿಲಿಮೀಟರಿಗೆ ಒಂದು ಡಿಗ್ರಿ. ಎಡ 8, ಬಲ 5 ಬಂತು. ಸ್ವಿಫ್ಟಲ್ಲಿ ಸ್ಟ್ರಟ್ಟಿಗೂ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ನಕಲ್ಲಿಗೂ (ಹಬ್ ಹಿಡಿದಿರೋ ಲೋಹದ ತುಂಡು) ಎರಡು ಬೋಲ್ಟ್ ಇರ್ತದೆ, ಎಡಗಡೆ ಮೇಲಿನದನ್ನ ತೆಗೆದು ಕ್ಯಾಂಬರ್ ಬೋಲ್ಟ್ (ತಿರುಗಿಸಿದ್ರೆ ಚಕ್ರದ ಓರೆ ಬದಲಾಗೋದು) ಹಾಕಿ ಅದನ್ನೂ 5ಕ್ಕೆ ತಂದೆ. ಸೊನ್ನೆ ಮಾಡೋ ಆಸೆ ಬೇಡ, ಎರಡೂ ಕಡೆ ಸಮ ಇರೋದು ಮುಖ್ಯ, ಇಲ್ಲಾಂದ್ರೆ ಕಾರು ಒಂದು ಕಡೆ ಎಳೀತದೆ. ಪೋಲೋ ಇರೋರು ಈ ಬೋಲ್ಟ್ ತಗೋಬೇಡಿ, ಅದರಲ್ಲಿ ಸ್ಟ್ರಟ್ ನಕಲ್ ಒಳಗೇ ಕ್ಲಾಂಪ್ ಆಗಿರ್ತದೆ. ಹಿಂದಿನ ಆಕ್ಸಲ್ ಬೀಮ್, ಎರಡೂ ಚಕ್ರಕ್ಕೆ ಒಂದೇ ತೊಲೆ, ಶಿಮ್ (ತೆಳು ಲೋಹದ ತುಂಡು) ಹಾಕದೆ ಏನೂ ಅಡ್ಜಸ್ಟ್ ಆಗಲ್ಲ, ಅಳತೆ ಸರಿ ಇತ್ತು, ಬಿಟ್ಟೆ.

ಕ್ಯಾಂಬರ್ ಮುಟ್ಟಿದ್ರೆ ಟೋ ಮತ್ತೆ ಅಲ್ಲಾಡ್ತದೆ, ಅದಕ್ಕೇ ಟೋ ಯಾವಾಗ್ಲೂ ಕೊನೇಗೆ. ಸ್ಟೀರಿಂಗ್ ನೇರ ಇಟ್ಟು ಕಟ್ಟಿ, ಟೈ ರಾಡ್ ಎಂಡಿನ ಲಾಕ್ ನಟ್ ಸಡಿಲ ಮಾಡಿ, ರಾಡನ್ನ ಕಾಲು ಸುತ್ತು ತಿರುಗಿಸಿದ್ರೆ ರಿಮ್ಮಲ್ಲಿ ಸುಮಾರು ಒಂದು ಮಿಲಿಮೀಟರ್. ಪ್ರತಿ ಸಲ ಕಾರನ್ನ ಹಿಂದೆ ಮುಂದೆ ಉರುಳಿಸಿ ಮತ್ತೆ ಅಳತೆ, ಹೀಗೆ ಐದು ಸಲ. ಕೊನೇಗೆ ಎರಡೂ ಕಡೆ ಅರ್ಧ ಅರ್ಧ ಮಿಲಿಮೀಟರ್ ಟೋ ಇನ್ನಿಗೆ (ಮುಂಭಾಗ ಚೂರು ಒಳಕ್ಕೆ) ನಿಲ್ಲಿಸಿದೆ. ಎಲ್ಲಾ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿ ಪೇಂಟಲ್ಲಿ ಗೆರೆ ಎಳೆದೆ, ಕ್ಯಾಂಬರ್ ಬೋಲ್ಟ್ ಜಾರಿದ್ರೆ ಗೆರೆ ಹೇಳ್ತದೆ.

ಕುಶಾಲನಗರ ದಾಟಿ ಬೈಲಕುಪ್ಪೆ ಕಡೆ ನೇರ ರಸ್ತೇಲಿ ಓಡಿಸಿದೆ. ಎಳೀಲಿಲ್ಲ, ಆದ್ರೆ ಸ್ಟೀರಿಂಗ್ ಚೂರು ಎಡಕ್ಕೆ ವಾಲಿತ್ತು, ಮನೆಗೆ ಬಂದು ಒಂದು ರಾಡ್ ಎಷ್ಟು ಉದ್ದ ಮಾಡಿದ್ನೋ ಇನ್ನೊಂದನ್ನ ಅಷ್ಟೇ ಗಿಡ್ಡ ಮಾಡಿದೆ, ಟೋ ಹಾಗೇ ಉಳೀತು, ಸ್ಟೀರಿಂಗ್ ನೇರ ಆಯ್ತು. ಹೆಡ್‌ಲೈಟೂ ಗೋಡೆಗೆ ಬಿಟ್ಟು ಸರಿ ಮಾಡ್ಕೊಂಡೆ. ವಾರ ಬಿಟ್ಟು ಮೈಸೂರಲ್ಲಿ 3ಡಿ ಅಲೈನ್ಮೆಂಟ್ ಮೆಷಿನ್ನಿಗೆ ಹತ್ತಿಸಿ ಬರೀ ಅಳೀರಿ ಏನೂ ಮುಟ್ಬೇಡಿ ಅಂದೆ: ಒಟ್ಟು ಟೋ 0.12 ಡಿಗ್ರಿ, ಕ್ಯಾಂಬರ್ ಎಡ ಮೈನಸ್ 0.8, ಬಲ ಮೈನಸ್ 0.7. ಈಗ 11 ಸಾವಿರ ಕಿಲೋಮೀಟರ್ ಆಗಿದೆ, ಮೊನ್ನೆ ಡೆಪ್ತ್ ಗೇಜ್ ಹಾಕಿ ಗ್ರಿಪ್ಪಿನ ಆಳ ನೋಡಿದಾಗ ಒಳ ಅಂಚು 5.6, ಹೊರ ಅಂಚು 5.9 ಮಿಲಿಮೀಟರ್.